ಏಳೂವರೆ

ಝೆಫೆರಿನೋನ ಅಂಗಡಿಯಲ್ಲಿ ಅಪ್ಪ
ಎಡಗೈ ಎತ್ತಿದರೆ ಐದು ಕಾಫಿ ಬರುತ್ತದೆ.
ಆ ಕೈಯಲ್ಲಿರುವುದು ಎರಡೂವರೆ ಬೆರಳು.
ಹೊಸದಾಗಿ ಸೇರಿದ ಮಾಣಿ
ಎರಡೇ ತಂದಿಟ್ಟು ಬೈಸಿಕೊಂಡ.
ನಮ್ಮೂರ ಲೆಕ್ಕ ಹಾಗೇ, ಕೈ ನೋಡಬಾರದು,
ಕೈ ಎತ್ತಿದವನನ್ನು ನೋಡಬೇಕು.

ಪಾಸುಶ್ ದೆ ಫೆರೈರ.
ಓಣಿಗೆ ಹತ್ತು ಮಂದಿ ಕುರ್ಚಿ ಮಾಡುವವರು,
ಪೋರ್ಚುಗಲ್ಲಿನ ಅರ್ಧ ಜನ ನಮ್ಮ ಮಂಚದ ಮೇಲೆ ಮಲಗುತ್ತಾರೆ
ಎಂದು ಅಪ್ಪ ಜಂಬ ಕೊಚ್ಚುತ್ತಾನೆ.
ಭಾನುವಾರ ಇಗರ್ಜಿಯಲ್ಲಿ ಶಾಂತಿ ಹೇಳಿ ಕೈ ಕುಲುಕುವಾಗ
ಕಣ್ಣು ಮುಚ್ಚಿಯೂ ಹೇಳಬಲ್ಲೆ ನಾನು,
ಇವನು ಗರಗಸದವನು, ಇವನು ಹತ್ತರಿಯವನು,
ಇವನು ಪೂರ್ತಿ ಹತ್ತು, ಬ್ಯಾಂಕಿನವನಿರಬೇಕು.

ಅಪ್ಪನದು ಎಂಬತ್ತೇಳರ ಮಾರ್ಚ್, ಸೋಮವಾರ.
ಹಲಗೆ ಒದೆಯಿತು. ಅವನು ಹೇಳುವುದು ಅಷ್ಟೇ.
ಕುದುರೆ ಒದ್ದ ಹಾಗಲ್ಲವಂತೆ,
ನಿದ್ದೆಯಲ್ಲಿ ಮಗು ಕಾಲು ಝಾಡಿಸಿದ ಹಾಗೆ, ಸುಮ್ಮನೆ.
ಆಮೇಲೆ ಮರದ ಹೊಟ್ಟನ್ನು ಜರಡಿ ಹಿಡಿದರು.
ಉಗುರು ಸಿಕ್ಕಿತು. ಉಂಗುರ ಸಿಗಲಿಲ್ಲ.

ಆ ತಿಂಗಳ ಸಂಬಳದ ಚೀಟಿ
ಅಮ್ಮನ ಹೊಲಿಗೆ ಡಬ್ಬಿಯ ತಳದಲ್ಲಿತ್ತು.
ಗೈರುಹಾಜರಿ ಹನ್ನೊಂದು ದಿನ. ಕಡಿತ.
ಎರಡೂ ಸಂಗತಿಯನ್ನು
ಒಂದೇ ಮಾತಿನಲ್ಲಿ ಮುಗಿಸಿದ್ದರು.

ಹೋದ ಚಳಿಗಾಲ ಪೋರ್ತೊದಿಂದ ಒಬ್ಬ ಬಂದ.
ಇಸ್ತ್ರಿ ಅಂಗಿ, ಚೀಲದಲ್ಲೊಂದು ಡಬ್ಬಿ ಸಾಸೇಜು.
ಮರ ಒಣಗಿರುತ್ತದೆ, ಮನುಷ್ಯ ಒದ್ದೆ, ಎಂದ.
ನಮ್ಮ ಮೈ ಕರೆಂಟು ಕುಡಿಯುತ್ತದೆ, ಗರಗಸಕ್ಕೆ ಅದು ಗೊತ್ತಾಗುತ್ತದೆ.
ರೆಪ್ಪೆ ಮಿಟುಕಿಸುವುದರೊಳಗಲ್ಲ,
ಮಿಟುಕಿಸೋಣ ಎಂದುಕೊಳ್ಳುವುದರೊಳಗೆ ನಿಲ್ಲುತ್ತದೆ.
ಸಾಸೇಜು ತಳ್ಳಿದ.

ಢಂ.

ಹಲ್ಲಿನ ಚಕ್ರ ಮಾಯ. ಮೇಜಿನ ಕೆಳಗೆ
ಅಲ್ಯೂಮಿನಿಯಂ ಗಟ್ಟಿಯನ್ನು ಕಚ್ಚಿಕೊಂಡು ಕೂತಿತ್ತು,
ಬೈಸಿಕೊಂಡ ನಾಯಿಯ ಹಾಗೆ.
ಸಾಸೇಜಿನ ಮೇಲೊಂದು ಗೀರು.
ಅಪ್ಪ ಅದನ್ನು ಬೆಳಕಿಗೆ ಹಿಡಿದು
ತಿರುಗಿಸಿ ತಿರುಗಿಸಿ ನೋಡಿದ.
ತಿಂದುಬಿಟ್ಟ.

ಹೇಡಿಗಳ ಯಂತ್ರ, ಎಂದ. ನಾನು ಸಾಲ ಮಾಡಿ ತಂದೆ.
ಒಂದು ದಿನ ಹಸಿ ಚೆಸ್ಟ್‌ನಟ್ ಹಲಗೆಗೆ ಢಂ ಎಂದಾಗ
ಅವನ ಖುಷಿ ನೋಡಬೇಕಿತ್ತು.
ನೋಡು ಬೆಲ್ಮೀರಾ, ನಿನ್ನ ಬುದ್ಧಿವಂತೆ
ಮರವನ್ನು ಮನುಷ್ಯ ಅಂದುಕೊಂಡಳು!
ಹಳೆಯದು ಮನುಷ್ಯನನ್ನು ಮರ ಅಂದುಕೊಂಡಿತ್ತಲ್ಲ ಅಪ್ಪ,
ಎನ್ನಲು ಹೋಗಿ ಎನ್ನಲಿಲ್ಲ.
ಲೆಕ್ಕದ ಪುಸ್ತಕ ತೆರೆದು
ಚಕ್ರ ಒಂದು, ಬ್ರೇಕ್ ಒಂದು, ಎಂದು ಬರೆದೆ.

ಮೇ ತಿಂಗಳು. ಊಟಕ್ಕೆ ಐದು ನಿಮಿಷ ಬಾಕಿ.
ತಳ್ಳುಗೋಲು ಗೋಡೆಯ ಮೇಲೇ ನೇತಾಡುತ್ತಿತ್ತು.
ಕೆಲಸ ಕಲಿಯುವ ಡೆಲ್ಫಿಮ್‌ಗೆ ಹಸಿವು.
ಢಂ.
ಯಾರೂ ಅಲುಗಲಿಲ್ಲ.
ಹುಡುಗ ಬೆರಳು ನೋಡಿಕೊಂಡ. ಕಾಗದ ಕೊಯ್ದಷ್ಟು ಗೀರು,
ಒಂದು ಹನಿ, ಅದೂ ಯೋಚನೆ ಮಾಡಿ ಬಂದ ಹಾಗೆ.
ಬಾಯಿಗಿಟ್ಟುಕೊಂಡು ನಕ್ಕ.
ಚಕ್ರದ ದುಡ್ಡು ಸಂಬಳದಲ್ಲಿ ಹಿಡಿಯುತ್ತೀರಾ, ಅಂದ.
ಇಲ್ಲವೋ, ಎಂದೆ. ಕಡಿತ ಇಲ್ಲ.

ಅಪ್ಪ ಎಲ್ಲೆಂದು ಹುಡುಕಿದೆ.
ಹಿತ್ತಲಲ್ಲಿ ಹಲಗೆ ರಾಶಿಯ ಹಿಂದೆ ನಿಂತು
ಇಲ್ಲದ ಉಂಗುರದ ಬೆರಳನ್ನು ಕೆರೆದುಕೊಳ್ಳುತ್ತಿದ್ದ,
ಗಾಳಿಯಲ್ಲಿ, ಅದು ಇರಬೇಕಾಗಿದ್ದ ಕಡೆಯೇ.
ಏನಪ್ಪ?
ಏನಿಲ್ಲ. ಆ ಹುಡುಗ ಉಂಡನಾ?

ಸಂಜೆ ಝೆಫೆರಿನೋನಲ್ಲಿ
ನೀನು ಹೇಳೋ, ಎಂದ ಡೆಲ್ಫಿಮ್‌ಗೆ.
ಹುಡುಗ ಕೈ ಎತ್ತಿದ.
ಐದು ಕಾಫಿ ಬಂತು.
ಅಪ್ಪ ಮತ್ತೆ ಮತ್ತೆ ಎಣಿಸುತ್ತಿದ್ದ,
ಲೋಟಗಳನ್ನಲ್ಲ.